ಗಡಿಗೆಯ ಹೆಂಡ, ಬಾಟಲಿಯ ಲೆಕ್ಕ

ತುಂಗಭದ್ರೆಯ ಬಲದಂಡೆಯಲ್ಲಿ ಹರಪನಹಳ್ಳಿಯಿಂದ ಹಡಗಲಿ, ಹಗರಿಬೊಮ್ಮನಹಳ್ಳಿಯವರೆಗೆ, ಒಳನಾಡಿನಲ್ಲಿ ಕೊಟ್ಟೂರು, ಕೂಡ್ಲಿಗಿಯವರೆಗೆ ಹಬ್ಬಿದ ಸೀಮೆ 1800ರಲ್ಲಿ ನಿಜಾಮನ ಕೈಯಿಂದ ಈಸ್ಟ್ ಇಂಡಿಯಾ ಕಂಪನಿಗೆ ಸೇರಿತು. ಅಲ್ಲಿಂದ ಮುಂದೆ 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಬರುವತನಕ ಈ ಊರುಗಳ ಕಂದಾಯವೂ ಕಾನೂನೂ ಮದರಾಸಿನವು. ಆದರೆ ನಾಲ್ಕು ಹೆಜ್ಜೆ ಆಚೆಗೆ ಹೋದರೆ ಬೇರೆಯದೇ ಸರ್ಕಾರ. ಹೊಳೆ ದಾಟಿದರೆ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆ, ಇನ್ನಷ್ಟು ಕೆಳಗೆ ನಿಜಾಮನ ಕೊಪ್ಪಳ, ತೆಂಕಣಕ್ಕೆ ನಡೆದರೆ ಮೈಸೂರು ಅರಸರ ದಾವಣಗೆರೆ, ಜಗಳೂರು. ಮಾತು ಒಂದೇ, ಜಾತ್ರೆ ಒಂದೇ, ಮೈಲಾರದ ಕಾರಣಿಕ ಕೇಳಲು ಕೂಡುವ ಜನವೂ ಒಂದೇ. ಅಬಕಾರಿ ಮಾತ್ರ ನಾಲ್ಕು. ಹರಪನಹಳ್ಳಿಯ ತೆಲಿಗಿಯಂಥ ಗಡಿಯ ಹೋಬಳಿಯಲ್ಲಿ ನಿಂತು ಈ ಇನ್ನೂರು ವರ್ಷಗಳ ಕುಡಿತದ ಚರಿತ್ರೆಯನ್ನು ನೋಡಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಕಂಪನಿಯ ಗುತ್ತಿಗೆ, ಮದರಾಸಿನ ಕಾಯ್ದೆ, ಗಾಂಧಿಯುಗದ ಪಾನನಿರೋಧ, ಸ್ವತಂತ್ರ ರಾಜ್ಯದ ಹರಾಜು, ಕೊನೆಗೆ ಸಾರಾಯಿ ನಿಷೇಧ, ಇವೆಲ್ಲ ಒಂದಕ್ಕೊಂದು ವಿರುದ್ಧವೆಂದು ತೋರಿದರೂ ಒಂದೇ ದಿಕ್ಕಿಗೆ ನೂಕಿವೆ. ಲೆಕ್ಕಕ್ಕೆ ಸಿಗದ ಸೌಮ್ಯ ಪಾನೀಯ ಮರೆಯಾಯಿತು. ಲೆಕ್ಕಕ್ಕೆ ಸಿಗುವ ಬಿರುಸಿನ ಪಾನೀಯ ಊರೂರಿಗೆ ಬಂತು. ಇಲ್ಲಿ ಹೆಂಡವನ್ನು ಕೊಂದದ್ದು ಜನರ ಸಂಯಮವೂ ಅಲ್ಲ, ರುಚಿಯ ಬದಲಾವಣೆಯೂ ಅಲ್ಲ, ಸರ್ಕಾರದ ಲೆಕ್ಕಪುಸ್ತಕ ಎಂಬುದು ನನ್ನ ವಾದ.

ಮೊದಲು ಆ ಪಾನೀಯದ ಗುಣ ತಿಳಿಯಬೇಕು. ಈ ಬಯಲುಸೀಮೆಯ ಹೆಂಡ ತೆಂಗಿನದಲ್ಲ, ಹಳ್ಳದ ದಂಡೆಯಲ್ಲಿ, ಕೆರೆಯ ಹಿಂದೆ, ಜೌಗು ನೆಲದಲ್ಲಿ ತಾನಾಗಿ ಬೆಳೆಯುವ ಈಚಲು ಮರದ್ದು. ಮರದ ನೆತ್ತಿಯ ಬಳಿ ಎಲೆ ಸವರಿ, ಮೆದು ಭಾಗವನ್ನು ಕೆತ್ತಿ, ಸಂಜೆಗೆ ಗಡಿಗೆ ಕಟ್ಟಿದರೆ ಇರುಳೆಲ್ಲ ರಸ ತೊಟ್ಟಿಕ್ಕುತ್ತದೆ. ಗಡಿಗೆಗೆ ಸುಣ್ಣ ಬಳಿದಿದ್ದರೆ ಅದು ಹುದುಗದೆ ಸಿಹಿ ನೀರಾ ಆಗಿ ಉಳಿಯುತ್ತದೆ, ಕಾಯಿಸಿದರೆ ಬೆಲ್ಲವಾಗುತ್ತದೆ. ಸುಣ್ಣವಿಲ್ಲದಿದ್ದರೆ ಗಾಳಿಯಲ್ಲೂ ಗಡಿಗೆಯಲ್ಲೂ ಇರುವ ಯೀಸ್ಟ್ ಕೂಡಲೇ ಕೆಲಸಕ್ಕೆ ತೊಡಗಿ, ಬೆಳಗಾಗುವಷ್ಟರಲ್ಲಿ ನೊರೆಯೆದ್ದು, ದಿನದೊಳಗೆ ಶೇಕಡಾ 4-5ರಷ್ಟು ಮದ್ಯಸಾರ ಏರುತ್ತದೆ. ಅಂದರೆ ಇಂದಿನ ಸಾಧಾರಣ ಬಿಯರಿನ ಮಟ್ಟ. ಮರುದಿನಕ್ಕೆ ಹುಳಿ, ಆಮೇಲೆ ವಿನಿಗರ್. ಆದ್ದರಿಂದ ಹೆಂಡಕ್ಕೆ ಒಂದು ಎಲ್ಲೆಯಿತ್ತು. ಮರದಿಂದ ಒಂದು ಹೊತ್ತು ಹೊತ್ತುಕೊಂಡು ಹೋಗುವಷ್ಟು ದೂರವೇ ಅದರ ಮಾರುಕಟ್ಟೆ. ಮಳೆ ಬೆಳೆಯ ಹಾಗೆ ಅದಕ್ಕೂ ಕಾಲವಿತ್ತು, ಎಲ್ಲ ತಿಂಗಳೂ ಮರ ಒಂದೇ ಸಮ ಸುರಿಯುವುದಿಲ್ಲ. ಈಡಿಗರ ಈ ಕಸುಬು ಎಷ್ಟು ಹಳೆಯದೆಂದರೆ ಹನ್ನೆರಡನೆಯ ಶತಮಾನದ ಶರಣರ ನಡುವೆ ಹೆಂಡದ ಮಾರಯ್ಯ ಎಂಬವನೊಬ್ಬ ವಚನಕಾರನಿದ್ದಾನೆ. ಧರ್ಮೇಶ್ವರಲಿಂಗ ಅವನ ಅಂಕಿತ. ತನ್ನ ಕಾಯಕದ ಹೆಸರನ್ನೇ ಹೊತ್ತು ಅವನು ಆ ಸಾಲಿನಲ್ಲಿ ಕೂತಿದ್ದಾನೆ. ಕುಡಿತವನ್ನು ಶರಣರು ಮೆಚ್ಚಿದರೆಂದು ಇದರಿಂದ ಹೇಳಬಾರದು. ಆದರೆ ಹೆಂಡ ಇಳಿಸಿ ಮಾರುವವನು ಆ ಸಮಾಜಕ್ಕೆ ಹೆಸರು ಹಿಡಿದು ಗುರುತಿಸಬಹುದಾದ ಕಸುಬುದಾರನಾಗಿದ್ದ ಎಂಬುದು ಖಚಿತ.

ಕುಡಿಯುವುದಕ್ಕೂ ಎಣಿಸುವುದಕ್ಕೂ ಇರುವ ನಂಟು ಬಹಳ ಹಳೆಯದು. ಮೆಸೊಪೊಟೇಮಿಯಾದ ಊರುಕ್ ನಗರದಲ್ಲಿ ಸುಮಾರು 5000 ವರ್ಷಗಳ ಹಿಂದಿನ ಜೇಡಿಮಣ್ಣಿನ ಹಲಗೆಗಳು ಸಿಕ್ಕಿವೆ. ಅವುಗಳಲ್ಲಿ ಬಹುಪಾಲು ಲೆಕ್ಕಪತ್ರಗಳು, ಅದರಲ್ಲೂ ಬಾರ್ಲಿ ಮತ್ತು ಬಿಯರಿನ ಲೆಕ್ಕಗಳು ಹೇರಳ. ಒಂದು ಹೆಸರಾಂತ ಹಲಗೆಯಲ್ಲಿ 29,086 ಅಳತೆ ಬಾರ್ಲಿ, 37 ತಿಂಗಳು, ಕುಶಿಮ್ ಎಂದಿಷ್ಟೇ ಇದೆ. ಮನುಷ್ಯ ಬರೆಯಲು ಕಲಿತದ್ದರ ಹಿಂದೆ ಇಂಥ ಉಗ್ರಾಣದ ಲೆಕ್ಕವಿದೆ. ಬಾರ್ಲಿ ಒಣಗಿದ ಕಾಳು. ಕಣಜದಲ್ಲಿ ಕೂಡುತ್ತದೆ, ಅಳತೆಗೆ ನಿಲ್ಲುತ್ತದೆ, ಎಷ್ಟು ಕಾಳಿಗೆ ಎಷ್ಟು ಬಿಯರ್ ಎಂದು ಮೊದಲೇ ಹೇಳಬಹುದು. ನಮ್ಮ ಕಡೆಯ ಕೌಟಿಲ್ಯನ ಅರ್ಥಶಾಸ್ತ್ರದಲ್ಲೂ ಸುರಾಧ್ಯಕ್ಷನೆಂಬ ಅಧಿಕಾರಿಯ ಕೆಲಸಕ್ಕೆ ಒಂದು ಅಧ್ಯಾಯವೇ ಮೀಸಲು. ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಆರ್. ಶಾಮಶಾಸ್ತ್ರಿಗಳು ಕಂಡು 1909ರಲ್ಲಿ ಅಚ್ಚು ಹಾಕಿಸಿದ ಆ ಗ್ರಂಥದಲ್ಲಿ ಪಾನೀಯಗಳ ಪಾಕಗಳು ಅಳತೆ ಸಮೇತ ಇವೆ, ಅಂಗಡಿ ಎಲ್ಲಿರಬೇಕು ಎಂಬುದಿದೆ, ಉತ್ಸವ ಜಾತ್ರೆಗಳಲ್ಲಿ ನಾಲ್ಕು ದಿನ ಜನ ತಾವೇ ಇಳಿಸಿಕೊಳ್ಳಲು ಅನುಮತಿಯೂ ಇದೆ. ಈ ಕೊನೆಯ ಮಾತು ನನಗೆ ಮುಖ್ಯ. ಅಷ್ಟು ಬಿಗಿಯಾದ ರಾಜ್ಯವ್ಯವಸ್ಥೆಯನ್ನು ಕಲ್ಪಿಸಿದವನು ಕೂಡ ಲೆಕ್ಕದ ಹೊರಗೆ ಜನರಿಗೆ ಒಂದಿಷ್ಟು ಜಾಗ ಬಿಟ್ಟಿದ್ದ. ನಂತರದವರು ಅಷ್ಟನ್ನೂ ಬಿಡಲಿಲ್ಲ.

ಕಂಪನಿ ಸರ್ಕಾರ ಮೊದಮೊದಲು ಎಣಿಸಲು ಹೋಗಲೇ ಇಲ್ಲ. ಸೀಮೆಯ ಹೆಂಡ ಸಾರಾಯಿಗಳ ಹಕ್ಕನ್ನು ಒಟ್ಟಾಗಿ ಗುತ್ತಿಗೆ ಕೊಟ್ಟು ಕೈ ತೊಳೆದುಕೊಳ್ಳುತ್ತಿತ್ತು. ಗುತ್ತಿಗೆದಾರ ಎಷ್ಟು ಮಾರಿದ, ಎಷ್ಟು ಬಿರುಸಾಗಿ ಮಾರಿದ ಎಂಬುದು ಅವನಿಗೇ ಗೊತ್ತು. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಈ ಧೋರಣೆ ಬದಲಾಯಿತು. 1886ರ ಮದರಾಸು ಅಬಕಾರಿ ಕಾಯ್ದೆ ಬಂದಮೇಲೆ ತೆರಿಗೆಯನ್ನು ಸರಕಿನ ಪ್ರಮಾಣಕ್ಕೆ ಕಟ್ಟುವ ಪ್ರಯತ್ನ ಶುರುವಾಯಿತು. ಸಾರಾಯಿಯ ವಿಷಯದಲ್ಲಿ ಅದು ಸುಲಭ. ಬಟ್ಟಿ ಇಳಿಸುವ ಜಾಗವನ್ನು ಒಂದೆರಡು ದೊಡ್ಡ ಕಾರ್ಖಾನೆಗೆ ಸೀಮಿತಗೊಳಿಸಿ, ಬಾಗಿಲಲ್ಲಿ ಒಬ್ಬ ಅಧಿಕಾರಿಯನ್ನು ಕೂರಿಸಿ, ಸೈಕ್ಸ್ ಹೈಡ್ರೋಮೀಟರನ್ನು ಅದ್ದಿ ಬಿರುಸು ಅಳೆದರೆ ಮುಗಿಯಿತು. ಸಾರಾಯಿ ಕೆಡುವುದಿಲ್ಲ, ಇಂದು ಅಳೆದ ಬಿರುಸು ಮುಂದಿನ ತಿಂಗಳೂ ಅಷ್ಟೇ. ಮದರಾಸು ಪ್ರಾಂತದಲ್ಲಿ ಪ್ಯಾರಿ ಕಂಪನಿಯ ನೆಲ್ಲಿಕುಪ್ಪಂನಂಥ ಸಕ್ಕರೆ ಕಾರ್ಖಾನೆಗಳ ಕಾಕಂಬಿ ಇದಕ್ಕೆ ಅಗ್ಗದ ಕಚ್ಚಾಮಾಲಾಗಿ ಒದಗಿತು. ಈಚಲಿನ ಹೆಂಡಕ್ಕೆ ಇದ್ಯಾವುದೂ ಒಗ್ಗಲಿಲ್ಲ. ಬೆಳಗಿನ ಬಿರುಸು ಸಂಜೆಗಿಲ್ಲ, ಒಂದು ಮರದ್ದು ಇನ್ನೊಂದಕ್ಕಿಲ್ಲ, ಸಾವಿರ ಮರಗಳಿಗೆ ಸಾವಿರ ಬಾಗಿಲು. ಕೊನೆಗೆ ಸರ್ಕಾರ ಹೆಂಡವನ್ನು ಬಿಟ್ಟು ಮರವನ್ನೇ ಎಣಿಸಿತು. ಕೆತ್ತುವ ಮೊದಲು ಮರಕ್ಕೆ ತೆರಿಗೆ ಕಟ್ಟಿ, ಅದರ ಮೇಲೆ ಗುರುತು ಹಾಕಿಸಿಕೊಳ್ಳಬೇಕಾಯಿತು. ಮಳೆ ಹೋದ ವರ್ಷ ಮರ ಬತ್ತಿದರೂ ತೆರಿಗೆ ತೆರಬೇಕು. ಬರಕ್ಕೆ ಹೆಸರಾದ ಬಳ್ಳಾರಿ ಜಿಲ್ಲೆಯಲ್ಲಿ ಇದರ ಅರ್ಥವೇನೆಂದು ವಿವರಿಸಬೇಕಿಲ್ಲ. ಕಸುಬು ನಿಧಾನವಾಗಿ ಮರ ಹತ್ತುವವನ ಕೈಯಿಂದ ಜಾರಿ, ಮುಂಗಡ ಹಣ ಹಾಕಬಲ್ಲ ಅಂಗಡಿಕಾರನ ಕೈಗೆ ಹೋಯಿತು.

ಇದೇ ಕಾಲದಲ್ಲಿ ಇನ್ನೊಂದು ಸೌಮ್ಯ ಪಾನೀಯ ಇದೇ ನಾಡಿಗೆ ಬಂದು ನೆಲೆಯೂರಿತು. ಬೆಂಗಳೂರಿನ ದಂಡುಪ್ರದೇಶದ ಗೋರಾ ಸೈನಿಕರಿಗಾಗಿ 1885ರಲ್ಲಿ ಬಿಯರ್ ಕಾರ್ಖಾನೆ ನಿಂತಿತು; 1915ರಲ್ಲಿ ಥಾಮಸ್ ಲೀಷ್ಮನ್ ದಕ್ಷಿಣದ ಇಂಥ ಕೆಲವು ಕಾರ್ಖಾನೆಗಳನ್ನು ಕೂಡಿಸಿ ಯುನೈಟೆಡ್ ಬ್ರೂವರೀಸ್ ಕಟ್ಟಿದ; 1947ರಲ್ಲಿ ವಿಠಲ ಮಲ್ಯ ಅದರ ಆಡಳಿತ ಮಂಡಳಿಯ ಮೊದಲ ಭಾರತೀಯರಾದರು. ಬಿಯರ್ ಕೂಡ ಹುದುಗಿಸಿದ್ದೇ, ಅದೂ ಮೂಲದಲ್ಲಿ ಕೆಡುವ ಪಾನೀಯವೇ. ಅದನ್ನು ಕೆಡದಂತೆ, ಎಲ್ಲೆಡೆ ಒಂದೇ ತೆರನಾಗಿ ಇರುವಂತೆ ಮಾಡಿದ್ದು ಪ್ರಯೋಗಾಲಯ. ಪಾಶ್ಚರ್ 1876ರಲ್ಲಿ ಬಿಯರಿನ ಬಗ್ಗೆಯೇ ಒಂದು ಗ್ರಂಥ ಬರೆದ. ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದಲ್ಲಿ ಹ್ಯಾನ್ಸೆನ್ 1883ರಲ್ಲಿ ಯೀಸ್ಟಿನ ಶುದ್ಧ ತಳಿಯನ್ನು ಬೇರ್ಪಡಿಸಿದ, ಅಲ್ಲಿಯೇ ಸೋರೆನ್ಸೆನ್ 1909ರಲ್ಲಿ ಹುಳಿಯನ್ನು ಅಳೆಯುವ ಪಿಎಚ್ ಮಾನ ಕೊಟ್ಟ. ಡಬ್ಲಿನ್ನಿನ ಗಿನ್ನೆಸ್ ಕಾರ್ಖಾನೆಯ ನೌಕರ ವಿಲಿಯಂ ಗಾಸೆಟ್, ಕೆಲವೇ ಮಾದರಿಗಳನ್ನು ಪರೀಕ್ಷಿಸಿ ಇಡೀ ಸರಕಿನ ಗುಣವನ್ನು ಊಹಿಸುವುದು ಹೇಗೆಂದು ಯೋಚಿಸಿ, 1908ರಲ್ಲಿ ಸ್ಟೂಡೆಂಟ್ ಎಂಬ ಗುಪ್ತನಾಮದಲ್ಲಿ ಒಂದು ಲೇಖನ ಪ್ರಕಟಿಸಿದ. ಇಂದಿಗೂ ಸಂಖ್ಯಾಶಾಸ್ತ್ರದ ಪಾಠದಲ್ಲಿ ಟಿ-ಪರೀಕ್ಷೆ ಎಂದು ನಮ್ಮ ಮಕ್ಕಳು ಕಲಿಯುವುದು, ಕಂಪ್ಯೂಟರಿನಲ್ಲಿ ಒಂದು ಗುಂಡಿ ಒತ್ತಿ ಪಡೆಯುವುದು ಅದನ್ನೇ. ಬಿಯರಿಗೆ ವಿಜ್ಞಾನವೂ ಬಂಡವಾಳವೂ ಸಿಕ್ಕಿ ಅದು ಲೆಕ್ಕಕ್ಕೆ ಒಗ್ಗಿತು. ಈಚಲ ಹೆಂಡಕ್ಕೆ ಸಿಕ್ಕಿದ್ದು ಮರದ ಮೇಲೊಂದು ಗುರುತು.

ಪಾನನಿರೋಧದ ಕಾಲವನ್ನು ನನ್ನ ವಾದಕ್ಕೆ ಎದುರಾಗಿ ಹಿಡಿಯಬಹುದು. ಲೆಕ್ಕವೇ ಸರ್ಕಾರದ ಗುರಿಯಾಗಿದ್ದರೆ ಅಷ್ಟು ದೊಡ್ಡ ಆದಾಯವನ್ನು ಬಿಟ್ಟುಕೊಟ್ಟದ್ದೇಕೆ ಎಂದು ಕೇಳಬಹುದು. ಮದರಾಸು ಸರ್ಕಾರ ನಡೆಸುತ್ತಿದ್ದ ರಾಜಾಜಿಯವರು 1937ರ ಅಕ್ಟೋಬರ್ 1ರಂದು ಸೇಲಂ ಜಿಲ್ಲೆಯಲ್ಲಿ ಪಾನನಿರೋಧ ತಂದದ್ದು ಖಂಡಿತವಾಗಿ ನೈತಿಕ ನಿರ್ಧಾರ, ಅದರ ಹಿಂದಿನ ಕಳಕಳಿಯನ್ನು ಶಂಕಿಸಲು ಕಾರಣವಿಲ್ಲ. ಯುದ್ಧಕಾಲದಲ್ಲಿ ಸಡಿಲಗೊಂಡು 1948ರ ಹೊತ್ತಿಗೆ ಇಡೀ ಮದರಾಸು ಪ್ರಾಂತಕ್ಕೆ ಅದು ವಿಸ್ತರಿಸಿತು, ಬಳ್ಳಾರಿಯೂ ಅದರೊಳಗೆ ಬಂತು. ಕೂಡ್ಲಿಗಿಯಲ್ಲಿ ಗಾಂಧೀಜಿಯ ಚಿತಾಭಸ್ಮವಿರುವ ಹುತಾತ್ಮ ಸ್ಮಾರಕವಿದೆ; ಆ ಕಾಲದ ಜನ ಈ ಆದರ್ಶವನ್ನು ಎಷ್ಟು ಹತ್ತಿರ ಇಟ್ಟುಕೊಂಡಿದ್ದರೆಂಬುದಕ್ಕೆ ಅದೇ ಸಾಕ್ಷಿ. ಆದರೂ ಎರಡು ಪರಿಣಾಮಗಳನ್ನು ಮರೆಯಬಾರದು. ಹೋದ ಅಬಕಾರಿ ಹಣಕ್ಕೆ ಬದಲಾಗಿ ಮದರಾಸು 1939ರಲ್ಲಿ ದೇಶದ ಮೊದಲ ಸಾಮಾನ್ಯ ಮಾರಾಟ ತೆರಿಗೆಯನ್ನು ತಂದಿತು. ಮುಂದೆ ಪಾನನಿರೋಧ ಹೋಯಿತು, ಮಾರಾಟ ತೆರಿಗೆ ಉಳಿಯಿತು. ಎರಡನೆಯದು ಇನ್ನೂ ಮುಖ್ಯ. ನಿಷೇಧ ಬಂದಾಗ ಮೊದಲು ಸಿಕ್ಕಿಬಿದ್ದವನು ಈಚಲಿನವನು. ಮರದ ನೆತ್ತಿಯಲ್ಲಿ ಗಡಿಗೆ ಕಟ್ಟಿದ್ದನ್ನು ಅರ್ಧ ಮೈಲಿಯಿಂದ ಪೊಲೀಸ್ ಪೇದೆ ಕಾಣಬಲ್ಲ. ಬೆಲ್ಲ, ಜಾಲಿ ತೊಗಟೆ ಕೊಳೆಹಾಕಿ ಹಳ್ಳದ ಪೊದೆಯಲ್ಲಿ ಒಂದು ರಾತ್ರಿ ಕಳ್ಳಭಟ್ಟಿ ಇಳಿಸುವುದನ್ನು ಕಾಣಲಾರ. ಹತ್ತು ಲೀಟರ್ ಹೆಂಡ ಸಾಗಿಸುವ ಬದಲು ಒಂದೆರಡು ಸೀಸೆ ಸಾರಾಯಿ ಮಡಿಲಲ್ಲಿ ಮುಚ್ಚಿಟ್ಟುಕೊಳ್ಳುವುದು ಸುಲಭ. ಕದ್ದು ಸಾಗಿಸಬೇಕಾದ ಸರಕು ಕಡಿಮೆ ಜಾಗದಲ್ಲಿ ಹೆಚ್ಚು ಬಿರುಸು ಇಟ್ಟುಕೊಳ್ಳುತ್ತದೆ. ಅಮೆರಿಕದಲ್ಲಿ 1920ರಿಂದ 1933ರವರೆಗಿನ ನಿಷೇಧದಲ್ಲೂ ಬಿಯರ್ ಸೊರಗಿ ವಿಸ್ಕಿ, ಜಿನ್ ಕೊಬ್ಬಿದವು. ಹೀಗೆ, ಒಳ್ಳೆಯ ಉದ್ದೇಶದ ಕಾನೂನೂ ಅದೇ ಹಳೆಯ ದಿಕ್ಕಿಗೇ ನೂಕಿತು. ಹೆಂಡದ ಕಸುಬು ಒಂದು ತಲೆಮಾರಿನಷ್ಟು ಕಾಲ ಮುರಿದುಬಿತ್ತು, ಸಾರಾಯಿಯ ಕಸುಬು ಗುಟ್ಟಾಗಿ ಬೆಳೆಯಿತು.

1967ರಲ್ಲಿ ಮೈಸೂರು ರಾಜ್ಯ ಪಾನನಿರೋಧವನ್ನು ಕೈಬಿಟ್ಟಾಗ ಮುಖ್ಯಮಂತ್ರಿಯಾಗಿದ್ದವರು ಇದೇ ಹರಪನಹಳ್ಳಿ ಸೀಮೆಯ ಹಲುವಾಗಲಿನಲ್ಲಿ ಹುಟ್ಟಿದ ಎಸ್. ನಿಜಲಿಂಗಪ್ಪನವರು. ಖಾದಿಯಲ್ಲೇ ಬದುಕಿದ ಒಬ್ಬ ಗಾಂಧಿವಾದಿಯ ಸರ್ಕಾರವೂ ಖಜಾನೆಯ ಒತ್ತಡಕ್ಕೆ ಮಣಿಯಬೇಕಾಯಿತೆಂದರೆ ಆ ಒತ್ತಡ ಎಷ್ಟಿತ್ತೆಂದು ಊಹಿಸಬಹುದು. ಮತ್ತೆ ಹರಾಜು ಬಂತು, ಸಾರಾಯಿ ಗುತ್ತಿಗೆದಾರರು ಬಂದರು, ಕೆಲವರು ರಾಜಕಾರಣವನ್ನೇ ನಡೆಸುವಷ್ಟು ಬೆಳೆದರು. ಹೆಂಡವೂ ಮರಳಿ ಬಂತು, ಆದರೆ ಬೇರೆ ರೂಪದಲ್ಲಿ. ಅಂಗಡಿ ಹರಾಜಿನಲ್ಲಿ ಕೂಗಿದ ಹಣ ಗಿಟ್ಟಬೇಕಾದರೆ ಎಷ್ಟು ಹೆಂಡ ಮಾರಬೇಕೋ ಅಷ್ಟನ್ನು ಸುತ್ತಲಿನ ಮರಗಳು ಕೊಡಲಾರವು. ಮರಗಳೇ ಕಡಿಮೆಯಾಗಿದ್ದವು. ಆಗ ನೀರಿಗೆ ಕ್ಲೋರಲ್ ಹೈಡ್ರೇಟ್ ಪುಡಿ ಬೆರೆಸಿ ಸೇಂದಿ, ಅಂದರೆ ಹೆಂಡ, ಎಂದು ಮಾರುವ ದಂಧೆ ರಾಯಚೂರು, ಬಳ್ಳಾರಿ ಕಡೆಗಳಲ್ಲಿ ಹಬ್ಬಿತು. ಅದು ನರಗಳನ್ನು ಹಿಡಿಯುವ ವಿಷ, ಬಿಟ್ಟರೆ ಕೈಕಾಲು ನಡುಗುವ ಚಟ. ಈ ಶತಮಾನದ ಮೊದಲ ದಶಕದಲ್ಲಿ ಕರಾವಳಿಯನ್ನು ಬಿಟ್ಟು ಉಳಿದ ಕರ್ನಾಟಕದಲ್ಲಿ ಸೇಂದಿ ನಿಂತದ್ದಕ್ಕೆ ಹೇಳಿದ ಕಾರಣಗಳಲ್ಲಿ ಇದು ದೊಡ್ಡದು. ಕಾರಣ ನಿಜವೇ. ಆದರೆ ಪುಡಿ ಬೆರೆಸಿದ್ದು ಈಚಲು ಮರವಲ್ಲ. ಮರಕ್ಕೆ ಮೀರಿದ ಹರಾಜಿನ ಮೊತ್ತ ಅದನ್ನು ಬೆರೆಸಿತು.

2007ರ ಜುಲೈ 1ರಿಂದ ಸಾರಾಯಿಯೂ ನಿಂತಿತು. ಹಳ್ಳಿಯ ಹೆಣ್ಣುಮಕ್ಕಳು ಅಂದು ಸಂತೋಷಪಟ್ಟದ್ದಕ್ಕೆ ಅರ್ಥವಿತ್ತು. ಆದರೆ ಆ ಜಾಗಕ್ಕೆ ಬಂದದ್ದು ಅಗ್ಗದ ವಿಸ್ಕಿ ಮತ್ತು ರಮ್ಮು. 2003ರಲ್ಲೇ ಸ್ಥಾಪನೆಯಾಗಿದ್ದ ಕರ್ನಾಟಕ ರಾಜ್ಯ ಪಾನೀಯ ನಿಗಮದ ಡಿಪೋಗಳ ಮೂಲಕವೇ ಎಲ್ಲ ಕಾರ್ಖಾನೆಯ ಸರಕೂ ಅಂಗಡಿಗೆ ಹೋಗಬೇಕು. ಪ್ರತಿ ಸೀಸೆಗೆ ಅಬಕಾರಿ ಚೀಟಿ, ಪ್ರತಿ ಪೆಟ್ಟಿಗೆಗೆ ಕಂಪ್ಯೂಟರಿನಲ್ಲೊಂದು ದಾಖಲೆ. ರಾಜ್ಯ ಸರ್ಕಾರದ ಎಂಎಸ್‌ಐಎಲ್ ಸಂಸ್ಥೆಯೇ ಮದ್ಯದಂಗಡಿಗಳನ್ನು ತೆರೆಯಿತು. ಊರುಕಿನ ಉಗ್ರಾಣದವನಿಗೆ ಸಾಧ್ಯವಾಗದಿದ್ದುದು, ಮದರಾಸಿನ ಕಲೆಕ್ಟರು ಕನಸಿನಲ್ಲಿ ಕಂಡದ್ದು ಕೈಗೂಡಿತು. ರಾಜ್ಯದಲ್ಲಿ ಕಾನೂನುಬದ್ಧವಾಗಿ ಕುಡಿಯುವ ಹನಿಹನಿಗೂ ಲೆಕ್ಕ ಸಿಕ್ಕಿತು. 2025-26ರ ಬಜೆಟ್ಟಿನಲ್ಲಿ ಅಬಕಾರಿಯಿಂದ ನಿರೀಕ್ಷಿಸಿದ ವರಮಾನ 40,000 ಕೋಟಿ ರೂಪಾಯಿ. ಈ ಲೆಕ್ಕದ ಜೊತೆಗೆ ಇನ್ನೊಂದು ಲೆಕ್ಕವನ್ನೂ ಹಾಕಬೇಕು. ಒಂದು ಲೀಟರ್ ಹೆಂಡದಲ್ಲಿ ಹೆಚ್ಚೆಂದರೆ 50 ಮಿಲಿ ಮದ್ಯಸಾರ. ವಿಸ್ಕಿಯಲ್ಲಿ ಮದ್ಯಸಾರ ಶೇಕಡಾ 42.8. ಈ ವಿಚಿತ್ರ ಸಂಖ್ಯೆ ಬಂದದ್ದೇ ಸೈಕ್ಸ್ ಮಾಪಕದ ಕಾಲದ ಪ್ರೂಫ್ ಎಣಿಕೆಯಿಂದ. 180 ಮಿಲಿಯ ಕ್ವಾರ್ಟರ್ ಒಂದರಲ್ಲಿ 77 ಮಿಲಿ ಮದ್ಯಸಾರ ಇರುತ್ತದೆ, ಅಂದರೆ ಒಂದೂವರೆ ಲೀಟರ್ ಹೆಂಡದಷ್ಟು. ಒಂದೂವರೆ ಲೀಟರ್ ಹೆಂಡ ಕುಡಿಯಲು ಹೊಟ್ಟೆಯೂ ಬೇಕು, ಹೊತ್ತೂ ಬೇಕು. ಕ್ವಾರ್ಟರಿಗೆ ಹತ್ತು ನಿಮಿಷ ಸಾಕು.

ಇಲ್ಲಿ ಎದುರಾಗುವ ಬಹು ಗಟ್ಟಿಯಾದ ಆಕ್ಷೇಪ ಹೆಣ್ಣುಮಕ್ಕಳದು. ಹೆಂಡವಾದರೇನು ವಿಸ್ಕಿಯಾದರೇನು, ಕೂಲಿ ಹಣ ಅಂಗಡಿಗೆ ಹೋದರೆ ಒಲೆ ಹೊತ್ತುವುದಿಲ್ಲ, ಏಟು ಬೀಳುವುದು ತಪ್ಪುವುದಿಲ್ಲ ಎಂಬ ಅವರ ಮಾತಿಗೆ ಅನುಭವದ ಬಲವಿದೆ. 2019ರ ಜನವರಿಯಲ್ಲಿ ಮದ್ಯ ನಿಷೇಧಕ್ಕಾಗಿ ಕೂಲಿಕಾರ ಹೆಂಗಸರು ಕೂಡ್ಲಿಗಿಯ ನೆರೆಯ ಜಿಲ್ಲೆಯಾದ ಚಿತ್ರದುರ್ಗದಿಂದ ಬೆಂಗಳೂರಿನವರೆಗೆ ನಡೆದೇ ಹೋದರು. ಹೆಂಡದ ಕಾಲದಲ್ಲಿ ಮನೆಗಳು ಹಾಳಾಗಿರಲಿಲ್ಲ ಎಂದು ಯಾರಾದರೂ ಹೇಳಿದರೆ ಅದು ಸುಳ್ಳು. ನಾನು ಹೇಳುವುದು ಇಷ್ಟು: ಅವರನ್ನು ಕಾಪಾಡುವ ಹೆಸರಿನಲ್ಲಿ ತಂದ ಪ್ರತಿಯೊಂದು ಕ್ರಮವೂ ಅವರ ಮನೆಗೆ ಹಿಂದಿನದಕ್ಕಿಂತ ಬಿರುಸಾದ ಪಾನೀಯವನ್ನು ತಲುಪಿಸಿತು, ಅದರ ಲಾಭ ಮಾತ್ರ ಊರಿನ ಹೊರಗೆ ಹೋಯಿತು. ಆ ಪಾದಯಾತ್ರೆ ಹೊರಟದ್ದು ಹೆಂಡ, ಸಾರಾಯಿಗಳೆರಡೂ ನಿಂತ ಹನ್ನೊಂದು ವರ್ಷಕ್ಕೂ ಮೇಲೆ ಎಂಬುದನ್ನು ಗಮನಿಸಬೇಕು. ಆ ಹೆಂಗಸರು ತಡೆಯಲು ಹೊರಟದ್ದು ಸರ್ಕಾರವೇ ಚೀಟಿ ಅಂಟಿಸಿ ಕಳಿಸಿದ ಬಾಟಲಿಯನ್ನು.

ಇನ್ನೊಂದು ಆಕ್ಷೇಪ ಇತಿಹಾಸಕಾರನದು. ಕೆಡುವ ಸರಕು ಕೆಡದ ಸರಕಿಗೆ ಸೋಲುವುದು ಸಹಜ, ಇದರಲ್ಲಿ ಸರ್ಕಾರದ ಕೈವಾಡ ಹುಡುಕುವುದೇಕೆ ಎಂಬುದು. ಇದಕ್ಕೆ ಉತ್ತರವಾಗಿ ನೆರೆಯ ಕೇರಳವನ್ನು ನೋಡಿದರೆ ಸಾಕು. ಅಲ್ಲಿ 1996ರಲ್ಲಿ ಸಾರಾಯಿಯನ್ನು ನಿಷೇಧಿಸಿದರು, ಕಳ್ಳನ್ನು, ಅಂದರೆ ಹೆಂಡವನ್ನು, ಉಳಿಸಿಕೊಂಡರು. ಮರ ಹತ್ತುವವರಿಗೆ ಸಂಘವಿದೆ, 1969ರ ಕಾಯ್ದೆಯಡಿ ಕ್ಷೇಮನಿಧಿಯಿದೆ. ಅಲ್ಲಿಯೂ ಕಲಬೆರಕೆಯಿದೆ, ಅಲ್ಲಿಯೂ ವಿಸ್ಕಿಯ ಮಾರಾಟ ಭರದಿಂದಲೇ ನಡೆದಿದೆ. ಆ ವ್ಯವಸ್ಥೆಯನ್ನು ಆದರ್ಶವೆಂದು ನಾನು ತೋರಿಸುತ್ತಿಲ್ಲ. ಆದರೆ ಕೆಡುವ ಸರಕಿನ ಕಸುಬನ್ನು ಕಾನೂನಿನೊಳಗೇ ಇಟ್ಟುಕೊಳ್ಳಲು ಸಾಧ್ಯ ಎಂಬುದಕ್ಕೆ ಅದು ಸಾಕ್ಷಿ. ನಮ್ಮ ರಾಜ್ಯದೊಳಗೇ ಕರಾವಳಿಗೆ ಕೊಟ್ಟ ವಿನಾಯಿತಿ ಇನ್ನೊಂದು ಸಾಕ್ಷಿ. ಹಾಗಾಗಿ ಬಯಲುಸೀಮೆಯಲ್ಲಿ ಹೆಂಡ ಹೋದದ್ದು ಕಾಲದ ಗತಿಯಿಂದಲ್ಲ, ಆಯ್ಕೆಯಿಂದ. ಮರ ಹತ್ತಲು ಇಂದಿನ ಈಡಿಗರ ಹುಡುಗರು ಒಪ್ಪುವುದಿಲ್ಲ, ಜಾತಿಗೆ ಅಂಟಿದ ಕಸುಬನ್ನು ಮರಳಿ ಹೇರಬೇಡಿ ಎಂಬ ಮಾತೂ ಇದೆ. ಅದನ್ನು ಪೂರ್ತಿ ಒಪ್ಪುತ್ತೇನೆ. ಯಾರ ಮೇಲೂ ಹೇರಬಾರದು. ಆದರೆ ಕಲ್ಯಾಣ ಕರ್ನಾಟಕದಲ್ಲಿ ಸೇಂದಿ ಇಳಿಸಲು ಅವಕಾಶ ಕೊಡಿ ಎಂದು ಈಡಿಗ ಸಮುದಾಯದೊಳಗಿನಿಂದಲೇ ಇತ್ತೀಚೆಗೆ ಬೇಡಿಕೆ ಎದ್ದಿದೆ; ಬೇಕೆಂದು ಕೇಳುವವರನ್ನು ತಡೆಯುವುದೂ ಹೇರಿಕೆಯೇ.

ಬೆಂಗಳೂರಿನ ಇಂದಿರಾನಗರ, ಕೋರಮಂಗಲಗಳಲ್ಲಿ ಕಳೆದ ಹದಿನೈದು ವರ್ಷಗಳಲ್ಲಿ ಕಿರು ಬಿಯರ್ ಕಾರ್ಖಾನೆಗಳು ಒಂದಾದ ಮೇಲೊಂದು ತೆರೆದಿವೆ. ಸಾಫ್ಟ್‌ವೇರ್ ಕಂಪನಿಗಳ ಸಂಬಳದ ಮೇಲೆ ನಿಂತ ಅವು ಅಲ್ಲೇ ಹುದುಗಿಸಿ, ಅಲ್ಲೇ ಲೋಟದಲ್ಲಿ ಹೊಯ್ದು ಕೊಡುತ್ತವೆ. ಬಾಟಲಿಯಿಲ್ಲ, ಬಹಳ ದಿನ ಇಡುವಂತಿಲ್ಲ, ತಾಜಾತನವೇ ಅದರ ಹೆಗ್ಗಳಿಕೆ. ಅಬಕಾರಿ ಇಲಾಖೆ ಅವುಗಳಿಗಾಗಿ ಪ್ರತ್ಯೇಕ ಲೈಸೆನ್ಸ್ ರೂಪಿಸಿತು, ಎಷ್ಟು ತಯಾರಿಸಬಹುದು ಎಂದು ಮಿತಿ ಹಾಕಿತು, ಲೆಕ್ಕ ಇಡುವ ದಾರಿ ಕಂಡುಕೊಂಡಿತು. ಒಳ್ಳೆಯ ಕೆಲಸ. ಶೇಕಡಾ 5ರ ಬಿರುಸಿನ, ಒಂದೇ ಜಾಗದಲ್ಲಿ ಹುಟ್ಟಿ ಅಲ್ಲೇ ಮುಗಿಯುವ ಪಾನೀಯವನ್ನು ನಿಯಮದೊಳಗೆ ತರುವುದು ಆಗದ ಮಾತೇನಲ್ಲ ಎಂದು ಇಲಾಖೆಯೇ ತೋರಿಸಿಕೊಟ್ಟಿದೆ. ಅದೇ ಬಿರುಸಿನ, ಅದೇ ಗುಣದ ಪಾನೀಯ ಹರಪನಹಳ್ಳಿಯ ಹಳ್ಳದ ದಂಡೆಯಲ್ಲಿ ಅಪರಾಧ. ರಾಜ್ಯದ ಹಲವೆಡೆ ಹಿಂದೆ ಅಬಕಾರಿಗಾಗಿ ಕಾದಿರಿಸಿದ ಸರ್ಕಾರಿ ಜಮೀನುಗಳು ಇಂದಿಗೂ ಪಹಣಿಯಲ್ಲಿ ಸೇಂದಿವನ ಎಂದೇ ದಾಖಲಾಗಿವೆ. ಭೂಮಿ ಯೋಜನೆಯಲ್ಲಿ ಪಹಣಿಗಳೆಲ್ಲ ಕಂಪ್ಯೂಟರಿಗೆ ಹೋದಾಗ ಆ ಹೆಸರೂ ಅಲ್ಲಿಗೆ ಹೋಯಿತು. ಯಾವ ಸರ್ವೆ ನಂಬರಿನಲ್ಲಿ ಮರಗಳಿದ್ದವು, ಈಗ ಎಷ್ಟು ಉಳಿದಿವೆ, ಜಮೀನು ಯಾರ ಕೈಯಲ್ಲಿದೆ ಎಂದು ಹೇಳಲು ಇಂದು ಯಾವ ಹೊಸ ಸಮೀಕ್ಷೆಯೂ ಮೊದಲಿಗೆ ಬೇಕಿಲ್ಲ, ತಾಲ್ಲೂಕು ಕಚೇರಿಯ ಕಂಪ್ಯೂಟರಿನಿಂದಲೇ ಆ ಪಟ್ಟಿ ತೆಗೆಯಬಹುದು. ಅಂಥದೊಂದು ಪಟ್ಟಿ ಮೇಜಿನ ಮೇಲೆ ಬಂದು, ಆಯಾ ಊರಿನ ಹೆಂಗಸರ ಒಪ್ಪಿಗೆ ಇದ್ದಲ್ಲಿ ಮಾತ್ರ, ಇರುವ ಮರಗಳ ಮಿತಿಯೊಳಗೆ, ಹರಾಜಿಲ್ಲದೆ, ಇಳಿಸುವವನೇ ಮಾರುವ ಪದ್ಧತಿಯನ್ನು ನಾಲ್ಕಾರು ಊರುಗಳಲ್ಲಿ ಪರೀಕ್ಷಿಸಿ ನೋಡಲು, ಈ ಸೀಮೆ ಈಗ ಸೇರಿರುವ ವಿಜಯನಗರ ಜಿಲ್ಲೆಗಿಂತ ತಕ್ಕ ಜಾಗ ಬೇರೆಯಿಲ್ಲ. ನಾಲ್ಕು ಸರ್ಕಾರಗಳ ಅಬಕಾರಿಯನ್ನು ಅಕ್ಕಪಕ್ಕದಲ್ಲಿ ಕಂಡ ಸೀಮೆ ಇದು.